ಧರೆಯ ಮೇಲಿನ ಹಾವು

ಕಲ್ಲುಕೊಡಿಗೆಯ ರಶ್ಮಿ ಭೂಗೋಳಶಾಸ್ತ್ರಕ್ಕೆ ಸೇರಿದ್ದು ಅಪ್ಪನ ಕೃಪೆಯಿಂದ. ಕೊಪ್ಪದ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಬರೆಸುವ ದಿನ ಗುಮಾಸ್ತರು, "ಇತಿಹಾಸದ ಜೊತೆ ಎಂತ ಬೇಕಮ್ಮ?" ಎಂದು ಕೇಳಿದಾಗ ಹಿಂದೆ ನಿಂತಿದ್ದ ಅಪ್ಪ ರೇಣುಕಪ್ಪ, "ಯಾವುದಕ್ಕೆ ಜನ ಕಮ್ಮಿಯೋ ಅದು ಕೊಡಿ ಸಾರ್. ಮೇಷ್ಟ್ರಿಗೆ ಹೇಳಿಕೊಡೋಕೆ ಪುರುಸೊತ್ತಿರ್ತದೆ" ಎಂದುಬಿಟ್ಟ. ಶೆಟ್ಟಿಕೊಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟವನ ತರ್ಕ ಅದು. ಆದರೆ ಹುಡುಗಿಗೆ ವಿಷಯ ಹುಚ್ಚು ಹಿಡಿಸಿತು. ಊಟಕ್ಕೆ ಕೂತರೆ ಸಾರಿನ ಹಬೆ ತೋರಿಸಿ ಮೋಡ ಹೇಗಾಗುತ್ತದೆ ಎಂದು ಅಮ್ಮನಿಗೆ ಪಾಠ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕಿಟಕಿಯಾಚೆಯ ಕೆಂಪು ಮಣ್ಣು ಎಲ್ಲಿಂದ ಬಂತು ಎಂಬ ವಿವರಣೆ. ಕೇಳಿದವರು ಇಳಿಯುವ ಸ್ಟಾಪು ಬೇಗ ಬರಲಿ ಎಂದು ಬೇಡಿಕೊಳ್ಳುತ್ತಿದ್ದರು.

ಎರಡನೇ ವರ್ಷ ಅಂತರ್ಜಲದ ಪಾಠವಾಯಿತು. ಕೇಳಿದ್ದೇ ತಡ, ರಶ್ಮಿ ಮನೆಮನೆಗೆ ಹೋಗಿ ಇಂಗುಗುಂಡಿಯ ಪ್ರಚಾರ ಶುರುಮಾಡಿದಳು. ಗುಡ್ಡದ ಮೇಲೆ ಗುಂಡಿ ತೆಗೆದರೆ ಮಳೆನೀರು ಹರಿದು ಹೋಗದೆ ಅಲ್ಲೇ ಇಂಗುತ್ತದೆ, ಕೆಳಗಿನ ಬಾವಿ ತುಂಬುತ್ತದೆ. ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದವನು ದೊಡ್ಡಪ್ಪ ಧರ್ಮಪ್ಪ. ಅವನು ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ಕಡಿಸಿ ಮನೆ ಕಟ್ಟಿಸಿದ್ದ. ಹಾಗೆ ಕಡಿದಾಗ ಉಳಿದ ನೆಟ್ಟಗಿನ ಮಣ್ಣುಗೋಡೆ, ಊರವರ ಮಾತಿನಲ್ಲಿ ಧರೆ, ಹಿತ್ತಿಲ ಕಡೆ ಹಂಚಿಗಿಂತ ಎತ್ತರ ನಿಂತಿತ್ತು. ಬೇಸಿಗೆ ಬಂತೆಂದರೆ ಅವನ ಬಾವಿ ಬತ್ತುತ್ತಿತ್ತು. ಧರೆಯ ಮೇಲಿನ ಇಳಿಜಾರಿನಲ್ಲಿ ಸಾಲಾಗಿ ಗುಂಡಿಗಳು ಬಿದ್ದವು. ಮರುವರ್ಷ ಏಪ್ರಿಲ್‌ನಲ್ಲೂ ಬಾವಿಯಲ್ಲಿ ಕೊಡ ಮುಳುಗಿತು. ಧರ್ಮಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ, ರಶ್ಮಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೂರನೇ ವರ್ಷ ಅತಿಥಿ ಉಪನ್ಯಾಸಕ ಕಾಂತೇಶ್ ಭೂಕುಸಿತದ ಪಾಠಕ್ಕೆ ಬಂದರು. ಬೋರ್ಡಿನ ಮೇಲೆ ಒಂದು ಗುಡ್ಡ ಬರೆದರು. ಮೇಲೆ ನೀರು ಹೀರುವ ಕೆಂಪು ಮಣ್ಣು, ಅದರಡಿ ಜೇಡಿಮಣ್ಣಿನ ಪದರ. ಇಂಗಿದ ನೀರು ಜೇಡಿಯ ಮೇಲೆ ಬಂದು ನಿಲ್ಲುತ್ತದೆ, ಜೇಡಿ ಜಾರುತ್ತದೆ, ಮೇಲಿನ ಮಣ್ಣು ಕುಸಿಯುತ್ತದೆ. "ಗುಡ್ಡದ ಬುಡ ಕಡಿದಿದ್ದರೆ ತಡೆಯಲು ಏನೂ ಇರುವುದಿಲ್ಲ. ಅಂಥ ಕಡೆ ಮೇಲೆ ನೀರಿಂಗಿಸುವುದು ನಾವೇ ಕೈಯಾರೆ ಅಪಾಯ ತಂದುಕೊಂಡ ಹಾಗೆ" ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದರು.

ರಶ್ಮಿ ಹೋಗಲಿಲ್ಲ. ಬೋರ್ಡಿನ ಮೇಲಿದ್ದದ್ದು ದೊಡ್ಡಪ್ಪನ ಮನೆಯ ಹಿತ್ತಿಲೇ. ಅವಳು ಉಳಿದ ತರಗತಿಗೆ ನಿಲ್ಲದೆ ಊರಿನ ಬಸ್ಸು ಹಿಡಿದಳು.

ಆಗಲೇ ಮಳೆ ಹಿಡಿದು ವಾರವಾಗಿತ್ತು. ಗುಡ್ಡ ಹತ್ತಿದರೆ ಗುಂಡಿಗಳು ತುಂಬಿ ತುಳುಕುತ್ತಿದ್ದವು. ಅವುಗಳಿಂದ ಸ್ವಲ್ಪ ಮೇಲೆ, ತರಗೆಲೆಯ ಅಡಿಯಲ್ಲಿ, ನೆಲ ಉದ್ದಕ್ಕೂ ಬಾಯಿ ಬಿಟ್ಟಿತ್ತು. ಕೈ ಹಾಕಿದರೆ ಮೊಣಕೈವರೆಗೂ ಇಳಿಯಿತು. ಅವಳು ಕೈಯನ್ನು ಸರಕ್ಕನೆ ಎಳೆದುಕೊಂಡಳು.

ಧರ್ಮಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ದೊಡ್ಡಪ್ಪ, ಇಂಗುಗುಂಡಿ ಎಲ್ಲ ಮುಚ್ಚಬೇಕು. ಮೇಲೆ ನೆಲ ಬಿರುಕು ಬಿಟ್ಟಿದೆ. ಧರೆ ಬೀಳ್ತದೆ."

"ಎಂತ ಹೇಳ್ತೀಯ ಮಾರಾಯ್ತಿ?" ಅವನು ನಕ್ಕ. "ತೆಗೀರಿ ತೆಗೀರಿ ಅಂತ ಪ್ರಾಣ ತಿಂದವಳು ನೀನೇ. ಈಗ ಮುಚ್ಚಿ ಅಂತೀಯ. ನಿನ್ನ ಕಾಲೇಜಿನವರಿಗೆ ಒಂದು ಮಾತು ಅಂತ ಇಲ್ವನೆ?"

"ನಂಗೆ ಆವಾಗ ಗೊತ್ತಿರಲಿಲ್ಲ."

"ಈಗ ಗೊತ್ತಾಗಿದ್ದೂ ಮುಂದಿನ ವರ್ಷ ಬದಲಾಗ್ತದೆ ಬಿಡು. ಬಾವಿಲಿ ನೀರಿದೆ, ಅಷ್ಟು ಸಾಕು."

ಅವನ ಮಾತಿನಲ್ಲಿ ತಪ್ಪಾದರೂ ಏನಿತ್ತು?

ಧರೆಗೆ ಒತ್ತಿಕೊಂಡಿದ್ದ ಹಿಂದಿನ ಕೋಣೆಯಲ್ಲಿ ಧರ್ಮಪ್ಪನ ಮಗಳು ದೀಕ್ಷಾ ಹಸುಗೂಸಿನೊಂದಿಗೆ ಮಲಗಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ರಶ್ಮಿಯ ಬಾಲ್ಯದ ಜೊತೆಗಾತಿ. ಬಚ್ಚಲಿನ ಒಲೆ ಆ ಕೋಣೆಯ ಗೋಡೆಗೇ ಇತ್ತು, ಹಾಗಾಗಿ ಅದು ಬೆಚ್ಚಗಿರುತ್ತಿತ್ತು. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಸಾಂಬ್ರಾಣಿ ಕೆಂಡ. ಬಾಣಂತಿಯನ್ನು ಅಲ್ಲಿಂದ ಗಾಳಿಯಾಡುವ ನಡುಮನೆಗೆ ತರುವ ಮಾತೇ ಆ ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ರಶ್ಮಿ ಆಡಿದಳು. ದೊಡ್ಡಮ್ಮ ಅನ್ನಪೂರ್ಣಮ್ಮ ಕೆಂಡಾಮಂಡಲವಾದಳು. "ಹಸುಗೂಸಿನ ಮನೆಲಿ ನಿಂತು ಗೋಡೆ ಬೀಳ್ತದೆ ಅಂತೀಯಲ್ಲೆ, ನಿನ್ನ ನಾಲಿಗೆಗೆ ಲಂಗುಲಗಾಮು ಇಲ್ವಾ? ಶೀತವಾದ್ರೆ ನೀನು ನೋಡ್ಕೊಳ್ತೀಯಾ?" ಮನೆಗೆ ಬಂದರೆ ಅಪ್ಪನದೂ ಅದೇ ರಾಗ. ಅಣ್ಣತಮ್ಮಂದಿರ ಸಂಬಂಧ ಹಾಳು ಮಾಡಬೇಡ ಎಂದ.

ಕಾಂತೇಶರಿಗೆ ಫೋನು ಮಾಡಿದಳು. ಅವರು ಬಿರುಕಿನ ಉದ್ದ, ಆಳ ಕೇಳಿಕೊಂಡರು. ಆಮೇಲೆ, "ಈ ಮಳೆಯಲ್ಲಿ ಗುಂಡಿಯ ಹತ್ತಿರ ಯಾರೂ ಹೋಗಬೇಡಿ. ಮೊದಲು ಆ ಕೋಣೆ ಖಾಲಿ ಮಾಡಿಸು. ಹೇಗಾದರೂ" ಎಂದರು.

ಹೇಗಾದರೂ ಎಂದರೆ ಹೇಗೆ? ಆ ಮಾತು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಹಾಲು ಕೊಡಲು ಹೋದವಳು, ಅಂಗಳದಲ್ಲಿ ನಿಂತು, ತನಗೇ ಗೊತ್ತಿಲ್ಲದಂತೆ ಹೇಳಿಬಿಟ್ಟಳು. "ದೊಡ್ಡಮ್ಮಾ, ಹಿಂದಿನ ಧರೆಲಿ ನಾಗರಹಾವು ಕಂಡೆ. ಬಾಣಂತಿ ಕೋಣೆ ಕಿಟಕಿ ಹತ್ರನೇ ಇಳೀತಾ ಇತ್ತು."

ಅನ್ನಪೂರ್ಣಮ್ಮನ ಕೈಯ ಚೊಂಬು ಕೆಳಗೆ ಬಿತ್ತು. ಗಾಳಿ, ಶೀತ, ದೃಷ್ಟಿ ಎಲ್ಲ ಎಲ್ಲಿ ಹೋದವೋ! ಕಾಫಿ ಆರುವಷ್ಟರಲ್ಲಿ ಮಂಚ, ತೊಟ್ಟಿಲು, ಕೆಂಡದ ಬಾಣಲೆ, ಬಾಣಂತಿ ಎಲ್ಲವೂ ನಡುಮನೆಗೆ ಬಂದವು. ಕಲಿತ ವಿದ್ಯೆಗೆ ಮಿಸುಕದ ಮನೆ, ಇಲ್ಲದ ಹಾವಿಗೆ ಎದ್ದು ಬಂದಿತ್ತು. ರಶ್ಮಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಯಾವುದು ಹೆಚ್ಚೆಂದು ಅವಳಿಗೇ ತಿಳಿಯಲಿಲ್ಲ.

ಎರಡು ದಿನ ಕಳೆದು, ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಧರೆ ಬಿತ್ತು. ಹೆಚ್ಚು ಸದ್ದೇನೂ ಇರಲಿಲ್ಲವಂತೆ. ಬಚ್ಚಲೂ ಹಿಂದಿನ ಕೋಣೆಯೂ ಮಣ್ಣಿನಡಿ ಹೋದವು. ಮಂಚವಿದ್ದ ಜಾಗದಲ್ಲಿ ಒಂದು ಹಲಸಿನ ಮರ ಬೇರುಸಮೇತ ಬಂದು ಕೂತಿತ್ತು. ಓಡಿಬಂದ ರಶ್ಮಿ ಅದನ್ನು ನೋಡಿ, ದೀಕ್ಷಾಳ ತೊಡೆಯ ಮೇಲಿನ ಕೂಸನ್ನು ನೋಡಿ, ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತಳು.

ಮಳೆ ಬಿಡುವು ಕೊಟ್ಟ ದಿನ ಊರೆಲ್ಲ ಅಲ್ಲಿ ಸೇರಿತು. ಮಗುವನ್ನು ಉಳಿಸಿದ್ದು ನಾಗಪ್ಪ, ಹಾವು ಕಂಡ ಜಾಗದಲ್ಲೇ ನಾಗರಕಲ್ಲು ಇಡಬೇಕು ಎಂದು ಧರ್ಮಪ್ಪ ತೀರ್ಮಾನಿಸಿಯಾಗಿತ್ತು. ಕುಸಿಯದೆ ಉಳಿದ ಧರೆಯ ಮೇಲೆ ಇನ್ನೂ ನಾಲ್ಕು ಗುಂಡಿಗಳಿದ್ದವು, ಬಿರುಕು ಆ ಕಡೆಗೂ ಚಾಚಿತ್ತು. ಅದರ ಬುಡದಲ್ಲೇ ಜನ ಗುಂಪಾಗಿ ನಿಂತಿದ್ದರು.

"ಎಲ್ಲಿ ಕಂಡೆ ಮಗಾ, ತೋರ್ಸು."

"ನಾನು ಹಾವು ನೋಡಲಿಲ್ಲ ದೊಡ್ಡಪ್ಪ. ಸುಳ್ಳು ಹೇಳಿದೆ. ನಂಗೆ ಕಂಡಿದ್ದು ಬಿರುಕು. ನಿಮಗೆ ಮೊದಲೇ ಹೇಳಿದ್ನಲ್ಲ, ಆ ಬಿರುಕು. ನೀವು ಯಾರೂ ಕೇಳಲಿಲ್ಲ."

ರೇಣುಕಪ್ಪ ತಲೆ ತಗ್ಗಿಸಿದ. ಧರ್ಮಪ್ಪ ಅವಳನ್ನೇ ದಿಟ್ಟಿಸಿದ. ಅವನ ಕಣ್ಣು ತುಂಬಿಬಂತು. ಅವಳಿಗೆ, ಕೊನೆಗೂ ಅರ್ಥವಾಯಿತು ಎನ್ನಿಸಿತು.

"ನೋಡದೇನೇ ಹೇಳಿದೆಯಾ?" ಅವನು ಕೈ ಮುಗಿದ. "ಹಂಗಾದ್ರೆ ನಿನ್ನ ಬಾಯಲ್ಲಿ ಅವನೇ ನುಡಿಸಿದ್ದು."

ಸೇರಿದವರೂ ಹೌದು ಹೌದೆಂದು ಕೈ ಮುಗಿದರು. ರಶ್ಮಿಗೆ ಸಿಟ್ಟು ನೆತ್ತಿಗೇರಿತು. ಓದಿದ್ದು, ಹತ್ತಿ ನೋಡಿದ್ದು, ಬೇಡಿಕೊಂಡದ್ದು, ಕಡೆಗೆ ಒಪ್ಪಿಕೊಂಡದ್ದು ಯಾವುದೂ ಇವರ ಕಿವಿಗೆ ಇಳಿಯುವುದಿಲ್ಲ. ತಲೆಯೆತ್ತಿ ನೋಡಿದರೆ ಧರೆಯಿಂದ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು. ದೀಕ್ಷಾ ಕೂಸನ್ನೆತ್ತಿಕೊಂಡು ಅದರ ಕೆಳಗೇ ನಿಂತಿದ್ದಳು.

"ಹೌದಾ? ಹಾಗಾದ್ರೆ ಅವನೇ ಹೇಳ್ತಿದಾನೆ, ಕೇಳಿ," ಎಂದು ಅವಳು ಕಿರುಚಿದಳು. "ಎಲ್ಲರೂ ಈಗಲೇ ಈ ಧರೆ ಬಿಟ್ಟು ಆಚೆ ಹೋಗಿ. ಮಳೆ ಪೂರ್ತಿ ನಿಂತ ಮೇಲೆ ಗುಂಡಿ ಮುಚ್ಚಿ, ಬಿರುಕಿಗೆ ಮಣ್ಣು ತುಂಬಿ ಗಟ್ಟಿ ಮಾಡಿ. ಅಲ್ಲೀವರೆಗೆ ಈ ಮನೇಲಿ ಯಾರೂ ಮಲಗಬಾರದು."

ಜನ ಕಲ್ಲು ಹೊಡೆದ ಕಾಗೆಗಳ ಹಾಗೆ ಚೆದುರಿದರು. ಆ ಸಂಜೆಯೇ ಧರ್ಮಪ್ಪನ ಸಂಸಾರ ರೇಣುಕಪ್ಪನ ಮನೆಗೆ ಬಂತು. ಮಳೆಗಾಲ ಮುಗಿದಾಗ ಗುಂಡಿಗಳು ಒಂದೂ ಉಳಿಯದೆ ಮುಚ್ಚಿದವು. ಮುಂದಿನ ಏಪ್ರಿಲ್‌ನಲ್ಲಿ ಬಾವಿ ಬತ್ತಿತು. ಯಾರೂ ಗೊಣಗಲಿಲ್ಲ, ದೇವರ ಅಪ್ಪಣೆಗೆ ಗೊಣಗುವುದುಂಟೇ?

ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಪಕ್ಕದ ಊರಿನ ಕರಿಬಸವಯ್ಯ ತೆಂಗಿನಕಾಯಿ, ಹೂವು ಹಿಡಿದು ರಶ್ಮಿಯ ಅಂಗಳಕ್ಕೆ ಬಂದು ನಿಂತ. ಅಜ್ಜನ ವಯಸ್ಸಿನವನು. "ತಾಯೀ, ನಮ್ಮ ಮನೆ ಹಿಂದೂ ಧರೆ ಇದೆ. ಒಂದ್ಸಲ ಬಂದು ನೋಡಬೇಕು, ಹಾವು ಕಾಣ್ತದಾ ಅಂತ" ಎಂದ.

ಇಲ್ಲ ಅಯ್ಯನೋರೆ, ನಂಗೆ ಹಾವು ಕಾಣಲ್ಲ ಎನ್ನಲು ಅವಳು ಬಾಯಿ ತೆರೆದಳು. ಅವನ ಮನೆಯಲ್ಲಿ ಮೊಮ್ಮಕ್ಕಳಿದ್ದದ್ದು ಅವಳಿಗೆ ಗೊತ್ತಿತ್ತು. ಪುಸ್ತಕ ಮಡಚಿಟ್ಟು, ಕಾಯಿ ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಬರ್ತೀನಿ," ಎಂದಳು. "ಮೇಲೆ ಇಂಗುಗುಂಡಿ ಎಷ್ಟಿದಾವೆ?"