ಕಡಿಮಿ ಬಂದ ಎಸ್‌ಜಿಪಿಟಿ

೧೯೯೮ರಲ್ಲಿ ನಾನು ಕೊಟ್ಟೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಆ ವರ್ಷವೇ ನಮಗೆ ಹೊಸ ಅನಲೈಸರ್ ಯಂತ್ರ, ಅದರ ಜೊತೆ ಎಸ್‌ಜಿಪಿಟಿ ಕಿಟ್ ಬಂದಿದ್ದವು. ಎಸ್‌ಜಿಪಿಟಿ ಎಂದರೆ ಲಿವರ್‌ನ ಒಂದು ಕಿಣ್ವ. ಲಿವರ್ ಕೆಟ್ಟರೆ ಅದು ರಕ್ತಕ್ಕೆ ಸೋರುತ್ತದೆ, ನಲವತ್ತರೊಳಗಿದ್ದರೆ ಚಿಂತೆಯಿಲ್ಲ. ಕಿಟ್‌ನೊಳಗಿನ ಸೂಚನಾ ಹಾಳೆಯನ್ನು ನಾನು ಓದಿರಲಿಲ್ಲ. ಮೂರು ಬಟನ್ ಒತ್ತುವುದಕ್ಕೆ ಪುರಾಣ ಯಾಕೆ ಎಂಬ ಜಂಬ. ಅದರ ಮೇಲೆ ಚಹಾ ಲೋಟ ಇಡುತ್ತಿದ್ದೆ.

ಒಂದು ಮಧ್ಯಾಹ್ನ ಹನುಮವ್ವ ಎಂಬಾಕೆ ಏಳು ತಿಂಗಳ ಬಸುರಿ ಸೊಸೆ ಕೊಟ್ರಮ್ಮನನ್ನು ಕರೆತಂದಳು. ಕಾಮಣಿ, ಅಂದರೆ ಕಾಮಾಲೆ, ಆಗಿ ಹುಡುಗಿಯ ಕಣ್ಣು ಅರಿಸಿನದಂತಿದ್ದವು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದು ಹೆರಿಗೆ ಕೋಣೆಗೆ ಹೋದರು. ಯಂತ್ರ ೨೧ ತೋರಿಸಿತು. ಅಷ್ಟರಲ್ಲಿ ಹನುಮವ್ವ ಕಿಟಕಿಗೆ ಬಂದಳು. "ಏನ್ ಬಂತ್ರಿ ಸಾರ್?"

"ಕಡಿಮಿ ಐತಿ ಬಿಡವ್ವ," ಎಂದೆ.

ನಾನು ಹೇಳಿದ್ದು ಅಂಕಿಯ ಮಾತು. ಆದರೆ ನಮ್ಮ ಕಡೆ ಜ್ವರ ಕಡಿಮಿ ಆಯಿತೆಂದರೆ ವಾಸಿಯಾಯಿತೆಂದೇ ಅರ್ಥ. "ಕಡಿಮಿ ಆಗೇತಂತ, ಏಳವ್ವ," ಎಂದು ಆಕೆ ಸೊಸೆಯನ್ನು ಎಬ್ಬಿಸಿಕೊಂಡು, ಡಾಕ್ಟರಿಗೂ ಕಾಯದೆ ಬಸ್ಸಿಗೆ ಹೊರಟಳು. ಹೋಗುವುದನ್ನು ಕುರ್ಚಿಯಿಂದಲೇ ಕಂಡೆ.

ಡಾಕ್ಟರು ರಿಪೋರ್ಟ್ ನೋಡಿ ಸಿಡುಕಿದರು: "ಆ ಕಣ್ಣಿಗೆ ಇಪ್ಪತ್ತೊಂದಾ? ಕಿಟ್ಟಿನ ಹಾಳಿ ಓದೀಯೇನಯ್ಯ?"

ಲೋಟ ಸರಿಸಿ ಓದಿದೆ. ಕಿಣ್ವ ವಿಪರೀತ ಹೆಚ್ಚಿದ್ದರೆ, ಯಂತ್ರ ಅಳೆಯಲು ತೊಡಗುವ ಮೊದಲೇ ಅದು ಕಿಟ್‌ನ ದ್ರಾವಣವನ್ನೆಲ್ಲ ತಿಂದು ಮುಗಿಸಿರುತ್ತದೆ. ಅಂಕಿ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ. ರಕ್ತದ ಸೀರಮ್ ಅನ್ನು ಸಲೈನ್ ಬೆರೆಸಿ ತೆಳುಮಾಡಿ ಮತ್ತೆ ನೋಡಬೇಕು. ಇಪ್ಪತ್ತು ಪಟ್ಟು ತೆಳುಮಾಡಿದೆ, ೧೪೦ ಬಂತು. ಇಪ್ಪತ್ತರಿಂದ ಗುಣಿಸಿದರೆ ೨,೮೦೦. ಡಾಕ್ಟರಿಗೆ ತೋರಿಸಿದೆ.

ಆಸ್ಪತ್ರೆಯ ಜೀಪಿನಲ್ಲಿ ಓಡಿದೆವು. ರಿಜಿಸ್ಟರಿನಲ್ಲಿ ಕಾನಹೊಸಹಳ್ಳಿ ಎಂದಷ್ಟೇ ಇತ್ತು. ಸುತ್ತಲ ಹಳ್ಳಿಯವರೆಲ್ಲ ತಾವು ಬಸ್ ಇಳಿಯುವ ಊರನ್ನೇ ಬರೆಸುವುದು ರೂಢಿ. ಹಳ್ಳಿಹಳ್ಳಿ ಕೇಳಿಕೊಂಡು ಮನೆ ಮುಟ್ಟುವಾಗ ಮರುದಿನ ಮಧ್ಯಾಹ್ನ. ಕೊಟ್ರಮ್ಮ ಕರೆದರೆ ಓಗೊಡುತ್ತಿರಲಿಲ್ಲ.

"ನೀವಽ ಕಡಿಮಿ ಐತಿ ಅಂದ್ರಲ್ರಿ!" ಹನುಮವ್ವ ಚೀರಿದಳು.

ಬಳ್ಳಾರಿಗೆ ಸಾಗಿಸಿದೆವು. ಕೊಟ್ರಮ್ಮ ಉಳಿದಳು. ಮಗು ಉಳಿಯಲಿಲ್ಲ.

ಒಂದು ದಿನ ಮೊದಲೇ ಸೇರಿಸಿದ್ದರೆ ಕೂಸು ಬದುಕುತ್ತಿತ್ತೇ ಎಂದು ನಮ್ಮ ಡಾಕ್ಟರನ್ನು ಕೇಳಿದೆ. "ಹೇಳಾಕ ಬರಲ್ಲ," ಎಂದರು. ಇಲ್ಲ ಎಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿವೃತ್ತಿಯವರೆಗೂ ಹೊಸ ಟೆಕ್ನಿಷಿಯನ್‌ಗಳಿಗೆ ಮೊದಲ ದಿನ ಇದನ್ನೇ ಹೇಳಿದೆ: ಅಂಕಿ ರೋಗಿಯ ಮುಖಕ್ಕೆ ಹೊಂದದಿದ್ದರೆ ಮುಖವನ್ನೇ ನಂಬಿ. ಅಂದು ಕೊಟ್ರಮ್ಮನ ಮುಖ ನಾನು ಕಂಡಿದ್ದೆ. ಆಕೆ ಬಾಗಿಲು ದಾಟುವಾಗ ನಾನು ಕುರ್ಚಿ ಬಿಟ್ಟು ಏಳಬೇಕಿತ್ತು, ಅಷ್ಟೇ.