ಅಜ್ಜಿ ಬೆಳೆಸಿದ ಹುಲ್ಲು, ಚಿಕ್ಕಪ್ಪನ ಮಿಷಿನ್ನು

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಮಂತ್ರಿಗಳು ಮಡಿಕೇರಿಯಲ್ಲೇ ಇದ್ದರು, ನಮ್ಮ ಮಟ್ಟಿಗೆ ಅಮ್ಮತ್ತಿ ಸಂತೆಯೇ ದೊಡ್ಡ ಪಟ್ಟಣ, ಗದ್ದೆ ನಾಟಿ ಮುಗಿದರೆ ಸಾಕು, ಊರಿಗೆ ಊರೇ ಕೈಲ್ ಮುಹೂರ್ತಕ್ಕೆ ದಿನ ಎಣಿಸುತ್ತಿತ್ತು. ನನಗಾಗ ಒಂಬತ್ತೋ ಹತ್ತೋ ವರ್ಷ. ಕೂತಲ್ಲಿ ಕೂರುವ ಪೈಕಿಯಲ್ಲ ನಾನು. ಈ ಗೂಡೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆ ಎಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಮ್ಮ ಅರೆಭಾಷೆಯಲ್ಲಿ ಗೂಡೆ ಅಂದರೆ ಹುಡುಗಿ. ಆದರೆ ಆ ಮನೆಯಲ್ಲಿ ನನ್ನನ್ನೂ ಮೀರಿಸಿದ ಚಡಪಡಿಕೆಯವನೊಬ್ಬನಿದ್ದ. ಅವನು ನನ್ನ ಚಿಕ್ಕಪ್ಪ ಬೆಳ್ಯಪ್ಪ.

ಚಿಕ್ಕಪ್ಪ ಮಿಲಿಟರಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವನು. ಬರ್ಮಾದ ಕಡೆ ಯುದ್ಧಕ್ಕೆ ಹೋಗಿ ಕೈಕಾಲು ನೆಟ್ಟಗಿಟ್ಟುಕೊಂಡೇ ವಾಪಸು ಬಂದಿದ್ದ. ಎಲ್ಲರೂ ಅದೃಷ್ಟವಂತ ಅಂದರು. ಆದರೆ ಅವನಿಗೆ ಒಂದು ಗಳಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಊಟ ಮಾಡುತ್ತಿದ್ದ. ಬಾಗಿಲು ದಡಾರೆಂದರೆ ಬಟ್ಟಲು ಕೈಯಿಂದ ಬೀಳುತ್ತಿತ್ತು. ಆಮೇಲೆ ಹೇಳದೆ ಕೇಳದೆ ಹೊರಟುಬಿಡುತ್ತಿದ್ದ. ಒಮ್ಮೆ ಸಿದ್ದಾಪುರದ ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಸಿಕ್ಕಿದ, ಇನ್ನೊಮ್ಮೆ ಕುಶಾಲನಗರದಲ್ಲಿ ಹೊಳೆ ದಂಡೆಯ ಮೇಲೆ. ಊರವರು ಗಾಳಿ ಸೋಕಿದೆ ಅಂದರು, ಒಬ್ಬ ಬಂದು ತೋಳಿಗೆ ದಾರ ಕಟ್ಟಿದ. ದಾರ ಹಳತಾಯಿತು, ಚಿಕ್ಕಪ್ಪನ ನಡಿಗೆ ನಿಲ್ಲಲಿಲ್ಲ.

ಅವನಿಗೆ ಎಲ್ಲಕ್ಕಿಂತ ಕೆಟ್ಟ ದಿನ ಕೈಲ್ ಮುಹೂರ್ತ. ಅದು ನಮ್ಮ ಆಯುಧಪೂಜೆ. ಕೋವಿ, ಕತ್ತಿ, ನೇಗಿಲು, ನೊಗ ಎಲ್ಲವನ್ನೂ ತೊಳೆದು ದೇವರ ಕೋಣೆಯಲ್ಲಿಟ್ಟು, ಗದ್ದೆ ಬದಿಯ ಕೋವಿ ಹೂ ಮುಡಿಸಿ, ದೀಪ ಹಚ್ಚಿ ಪೂಜೆ ಮಾಡುತ್ತೇವೆ. ಮೇಲೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಂದಿ ಸಾರು. ಅದಾದ ಮೇಲೆ ಗಂಡಸರೆಲ್ಲ ಕೋವಿ ಎತ್ತಿಕೊಂಡು ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಗುಡ್ಡ ಗುಡ್ಡದಿಂದಲೂ ಸದ್ದು. ನಮಗೆಲ್ಲ ಅದು ಕುಣಿಯುವ ಸದ್ದು. ಹಿಂದಿನ ವರ್ಷ ಮೊದಲ ಗುಂಡಿಗೇ ಚಿಕ್ಕಪ್ಪ ಎಲೆ ಬಿಟ್ಟು ಎದ್ದವನು ತಿಂಗಳುಗಟ್ಟಲೆ ಸಿಗಲಿಲ್ಲ. ಸಿಕ್ಕಾಗ ಮೂಳೆ ಚಕ್ಕಳ. ಇನ್ನೊಂದು ಸಲ ಹೋದರೆ ಜೀವಸಹಿತ ಬರುವುದಿಲ್ಲ ಎಂದು ಅಜ್ಜಿ ಗಟ್ಟಿಯಾಗಿ ನಂಬಿದ್ದಳು. ಅಪ್ಪ, ಚಿಕ್ಕಪ್ಪ ಇಬ್ಬರೇ ಗಂಡುಮಕ್ಕಳು ಅವಳಿಗೆ. ಚಿಕ್ಕವನೆಂದರೆ ಪ್ರಾಣ.

ಆ ವರ್ಷ ಬೇಸಿಗೆಯ ಕೊನೆಗೆ ಪಕ್ಕದ ತೋಟದ ದೊರೆ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟ. ಬಂಗಲೆಯ ಸಾಮಾನು ಹರಾಜಿಗೆ ಬಂತು. ಒರಗು ಕುರ್ಚಿ ತರುತ್ತೇನೆಂದು ಎತ್ತಿನ ಗಾಡಿ ಕಟ್ಟಿಕೊಂಡು ಹೋದ ಅಪ್ಪ ಸಂಜೆಗೆ ತಂದದ್ದು ಒಂದು ಹುಲ್ಲು ಕತ್ತರಿಸುವ ಮಿಷಿನ್ನು. ಹಿಂದೆ ನಿಂತು ಹಿಡಿಕೆ ಹಿಡಿದುಕೊಂಡು ನಡೆಯುವಂಥದು. ಮುಂದೆ ಗಿರ್ರನೆ ಸುತ್ತುವ ಬ್ಲೇಡುಗಳು, ಮೇಲೆ ಪೆಟ್ರೋಲ್ ಇಂಜಿನ್ನು, ಕತ್ತರಿಸಿದ ಹುಲ್ಲು ಬೀಳಲು ಒಂದು ತಗಡಿನ ಪೆಟ್ಟಿಗೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ದನಗಳಿಗೆ ಹಲ್ಲಿರುವಾಗ ಈ ಕಬ್ಬಿಣಕ್ಕೆ ಪೆಟ್ರೋಲ್ ಕುಡಿಸಿ ಹುಲ್ಲು ಕೊಯ್ಯಿಸುವ ದರ್ಬಾರು ನಮಗ್ಯಾಕೆ ಎಂದು ಕೇಳಿದಳು. ಹರಾಜಿನಲ್ಲಿ ಎಲ್ಲರೂ ಕೈಯೆತ್ತುತ್ತಿದ್ದರು, ತಾನೂ ಎತ್ತಿದೆ ಅಂದ ಅಪ್ಪ. ಅವ್ವನ ಬಾಯಿಗೆ ಒಂದು ವಾರಕ್ಕಾಗುವಷ್ಟು ಮೇವು ಸಿಕ್ಕಿತು.

ಚಿಕ್ಕಪ್ಪ ಮಿಷಿನ್ನಿನ ಸುತ್ತ ನಡೆದ, ಮತ್ತೆ ನಡೆದ, ಆಮೇಲೆ ಅದರ ಪ್ಲಗ್ಗಿನ ವಯರು ಕಿತ್ತು ಬದಿಗಿಟ್ಟು ನೆಲದ ಮೇಲೆ ಕೂತುಬಿಟ್ಟ. ಕತ್ತಲಾಗುವವರೆಗೂ ಕೂತಿದ್ದ. ಅಜ್ಜಿ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು, ಅವ್ವನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು.

ಮಾರನೆಯ ವಾರ ಮಿಷಿನ್ನು ಎದ್ದು ಕೂಗಿತು. ನಾಯಿ ಗದ್ದೆಗೆ ಓಡಿತು, ಕೋಳಿಗಳು ಅಟ್ಟ ಹತ್ತಿದವು. ಮನೆಯ ಕೆಳಗೆ ದನ ಮೇಯಲು ಬಿಟ್ಟ ಹುಲ್ಲುಗಾವಲಿಗೆ ನಾವು ಬಾಣೆ ಅನ್ನುತ್ತೇವೆ. ಆ ಬಾಣೆಯಲ್ಲಿ ಚಿಕ್ಕಪ್ಪ ಅದರ ಹಿಂದೆ ನಡೆದ. ಅವನಿಗೆ ಹೇಗೂ ನಡೆಯಲೇಬೇಕಿತ್ತು, ಈಗ ನಡೆಯುವುದಕ್ಕೊಂದು ದಾರಿ ಸಿಕ್ಕಿತು. ಇಳಿಜಾರಿನಲ್ಲಿ ಅಡ್ಡಡ್ಡ ಹೋಗುತ್ತಿದ್ದ, ಮೇಲಿಂದ ಕೆಳಕ್ಕೆ ಹೋದರೆ ಕಾಲು ಜಾರಿ ಮಿಷಿನ್ನಿನ ಬಾಯಿಗೇ ಬೀಳುತ್ತೇವೆ ಅನ್ನುತ್ತಿದ್ದ. ಬರಿಗಾಲಲ್ಲಿ ಎಂದೂ ಇಲ್ಲ, ಮಿಲಿಟರಿ ಬೂಟೇ. ಹುಲ್ಲು ಒದ್ದೆಯಿದ್ದರೆ ಎಷ್ಟು ಬೇಡಿದರೂ ಇಲ್ಲ. ಇಂಜಿನ್ನು ಬಿಸಿಯಿರುವಾಗ ಪೆಟ್ರೋಲ್ ಡಬ್ಬದ ಮುಚ್ಚಳ ತೆಗೆಯುವಂತಿಲ್ಲ, ಬೀಡಿ ಸೇದುವವರು ಹತ್ತಿರ ಬರುವಂತಿಲ್ಲ. ಶುರು ಮಾಡುವ ಮೊದಲು ನಾನೂ ಅಕ್ಕಪಕ್ಕದ ಮಕ್ಕಳೂ ಸೇರಿದ ಸೈನ್ಯ ಬಾಣೆಯೆಲ್ಲ ಹುಡುಕಿ ಕಲ್ಲು, ಕಡ್ಡಿ, ಎಲುಬಿನ ಚೂರು ಆರಿಸಿ ತೆಗೆಯಬೇಕು. ಆರಿಸಿಯಾದ ಮೇಲೆ ಹಲಸಿನ ಮರದಾಚೆ ಹೋಗಿ ನಿಲ್ಲಬೇಕು. ನನಗೆ ಹೇಳಿ ಮಾಡಿಸಿದ ಕೆಲಸ. ಬೆರಳಿಗೆ ಹುಲ್ಲಿನ ಹಸಿ ವಾಸನೆ, ಮೂಗಿಗೆ ಪೆಟ್ರೋಲಿನ ವಾಸನೆ ಮೆತ್ತಿಕೊಂಡು ಊಟಕ್ಕೆ ಕೂತರೆ ಸಾರೂ ಅದೇ ರುಚಿ.

ಒಂದು ದಿನ ಇಂಜಿನ್ನು ನಿಂತಿತ್ತು, ಬ್ಲೇಡಿಗೆ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಉಪಕಾರ ಮಾಡೋಣವೆಂದು ನಾನು ಬೆರಳು ಹಾಕಹೊರಟೆ. ಚಿಕ್ಕಪ್ಪ ರಟ್ಟೆ ಹಿಡಿದು ಎಳೆದ ಎಳೆತಕ್ಕೆ ನಾನು ಹಿಂದಕ್ಕೆ ಬಿದ್ದೆ.

“ನಿಂತದೆ ಅಂತ ನಂಬ್‌ಬಾರ್ದು ಗೂಡೆ. ಮೊದ್ಲು ವಯರು ತೆಗಿ, ಆಮೇಲೆ ಕೈ ಹಾಕು. ಹೇಳು ನೋಡುವ,” ಅಂದ.

ನಾನು ಅಳುತ್ತಲೇ ಹೇಳಿದೆ. ಸಾಲದು ಅಂತ ಇನ್ನೊಮ್ಮೆ ಹೇಳಿಸಿದ. ಮಿಲಿಟರಿಯವರ ಕೈಗೆ ಸಿಕ್ಕಿದರೆ ಹಾಗೇ.

ಮಿಷಿನ್ನು ಓಡಿದ ದಿನ ಚಿಕ್ಕಪ್ಪ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ, ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ. ಓಡದ ದಿನ ಜಗಲಿ ಸವೆಯುತ್ತಿತ್ತು. ಇದನ್ನು ಮೊದಲು ಗಮನಿಸಿದವಳು ಅಜ್ಜಿ. ಒಂದು ಬೆಳಿಗ್ಗೆ ನೋಡಿದರೆ ದನಗಳು ಕೊಟ್ಟಿಗೆಯಲ್ಲೇ ನಿಂತಿವೆ, ಬಾಣೆಗೆ ಬಿದಿರಿನ ಬೇಲಿ ಬಂದಿದೆ. ದನಕ್ಕೆ ಹುಲ್ಲನ್ನು ಗದ್ದೆ ಬದಿಯಿಂದ ಹೊತ್ತು ತರಬೇಕಂತೆ. ಅಂದರೆ ಮೇಯಲು ಹುಲ್ಲಿರುವ ಜಾಗದಲ್ಲಿ ಮೇಯಿಸದೆ, ದೂರದಿಂದ ಹೊತ್ತು ತರುವುದು. ಅವ್ವನಿಗೆ ತಲೆ ಕೆಟ್ಟುಹೋಯಿತು. ಹುಲ್ಲು ಬೋಳಾದ ಕಡೆ ಅಜ್ಜಿ ಸಗಣಿ ನೀರು ಚೆಲ್ಲುತ್ತಿದ್ದಳು, ನಮ್ಮ ಕೈಯಲ್ಲಿ ಗರಿಕೆ ಬೇರು ನೆಡಿಸುತ್ತಿದ್ದಳು. ಇದೆಂಥಾ ಹುಚ್ಚು ಎಂದು ಅಪ್ಪ ಕೇಳಿದ್ದಕ್ಕೆ, ಅವನಿಗೆ ಕತ್ತರಿಸಲು ಹುಲ್ಲು ಬೇಕಲ್ಲ, ಬೆಳೆಯದಿದ್ದರೆ ಏನನ್ನು ಕತ್ತರಿಸುತ್ತಾನೆ ಎಂದು ತಿರುಗಿ ಕೇಳಿದಳು. ಅಪ್ಪ ಮಾರನೆಯ ದಿನವೇ ಅಮ್ಮತ್ತಿಗೆ ಹೋಗಿ ಪೆಟ್ರೋಲ್ ತಂದ. ಅವ್ವ ಗೊಣಗುತ್ತಲೇ ಹುಲ್ಲಿನ ಹೊರೆ ಹೊತ್ತಳು. ಹೊರಲು ಒಲ್ಲೆ ಎಂದು ಒಂದು ದಿನವೂ ಅನ್ನಲಿಲ್ಲ.

ಮಳೆಗಾಲ ಚಿಕ್ಕಪ್ಪನಿಗೆ ಜೈಲು. ಒದ್ದೆ ಹುಲ್ಲಿಗೆ ಮಿಷಿನ್ನು ಇಳಿಸುವಂತಿಲ್ಲ, ತಾನೇ ಮಾಡಿದ ಕಾನೂನು. ಕೊಟ್ಟಿಗೆಯ ಪಕ್ಕ ಕೂತು ಬ್ಲೇಡು ಹರಿತ ಮಾಡಿದ, ಚೈನಿಗೆ ಎಣ್ಣೆ ಬಿಟ್ಟ, ಬೋಲ್ಟು ಬಿಗಿ ಮಾಡಿದ, ಬಿಚ್ಚಿದ, ಮತ್ತೆ ಬಿಗಿ ಮಾಡಿದ. ಅಂತೂ ಮಳೆ ತೆಳುವಾಯಿತು, ಬಿಸಿಲು ಬಂತು, ಅದರ ಹಿಂದೆಯೇ ಕೈಲ್ ಮುಹೂರ್ತವೂ ಬಂತು. ಮನೆಯಲ್ಲಿ ಯಾರ ಮುಖದಲ್ಲೂ ಹಬ್ಬದ ಕಳೆಯಿಲ್ಲ. ಚಿಕ್ಕಪ್ಪ ಗೇಟಿನವರೆಗೆ ಹೋಗಿ ಬರುವುದು ಜಾಸ್ತಿಯಾಗಿತ್ತು.

ನಮ್ಮ ಮನೆಯಲ್ಲಿ ಗುಂಡು ಬೇಡ ಎಂದು ಅಪ್ಪ ತೀರ್ಮಾನಿಸಿದ. ಆದರೆ ಊರಿನ ಬಾಯಿ ಮುಚ್ಚಬಹುದು, ಊರಿನ ಕೋವಿ ಮುಚ್ಚಿಸುವುದು ಹೇಗೆ? ಅಜ್ಜಿ ಒಂದು ಉಪಾಯ ಮಾಡಿದಳು. ಆಯುಧಗಳನ್ನು ಇಟ್ಟ ಮೇಲೆ ಪೂಜೆ ಮುಗಿಯುವವರೆಗೆ ಮುಟ್ಟಬಾರದೆಂಬುದು ಪದ್ಧತಿ, ಬೇರೆ ಮನೆಗಳ ಗುಂಡು ಅಲ್ಲಿಯವರೆಗೆ ಕಾಯುವುದಿಲ್ಲ. ಮಿಷಿನ್ನಿಗೆ ಮಾತ್ರ ಬೆಳಗಾಗುತ್ತಲೇ ಬಾಣೆಯಲ್ಲೇ ಬೇರೆ ಪೂಜೆ, ಗುಂಡಿನ ಹೊತ್ತಿಗೆ ಚಿಕ್ಕಪ್ಪ ಅದನ್ನು ಓಡಿಸಲಿ, ಅದರ ಗದ್ದಲದಲ್ಲಿ ಬೇರೆ ಸದ್ದು ಕೇಳಿಸದು ಅಂದಳು. ದೀಪ ಬೇಡ, ಪೆಟ್ರೋಲ್ ಇದೆ ಅಂದ ಚಿಕ್ಕಪ್ಪ. ದೀಪವಿಲ್ಲದ ಪೂಜೆಯೇ ಎಂದು ಹಬ್ಬಕ್ಕೆ ಬಂದ ಅತ್ತೆ ಮೂಗು ಮುರಿದಳು. ಅಜ್ಜಿ ಹೂವಿಟ್ಟು, ಗಂಧ ಹಚ್ಚಿ, ಕೈಮುಗಿದು ಮುಗಿಸಿದಳು. ತಪ್ಪಾದರೆ ದೇವರು ತನ್ನನ್ನು ಕೇಳಲಿ ಅಂದಳು.

ಊಟದ ಎಲೆ ಹಾಕುವ ಹೊತ್ತು. ಅಡಿಗೆಮನೆಯಿಂದ ಹಂದಿ ಸಾರಿಗೆ ಹಾಕಿದ ಕಾಚಂಪುಳಿಯ ಹುಳಿ ವಾಸನೆ ಬರುತ್ತಿತ್ತು. ಎಲ್ಲೋ ಆತುರದವನೊಬ್ಬ ಮೊದಲ ಗುಂಡು ಹೊಡೆದ. ಚಿಕ್ಕಪ್ಪ ಬಾಣೆಗೆ ಓಡಿ ಹಗ್ಗ ಸುತ್ತಿ ಎಳೆದ. ಮಿಷಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ. ಕೆಮ್ಮೂ ಇಲ್ಲ. ಎರಡನೆಯ ಗುಂಡು ಹತ್ತಿರದಿಂದಲೇ ಬಂತು. ಅವನು ಹಗ್ಗ ಕೈಬಿಟ್ಟು ಗೇಟಿನ ಕಡೆ ನೋಡಿದ.

ಆಗ ಅವ್ವ ಬಂದು ತಾನು ಮಾಡಿದ್ದನ್ನು ಹೇಳಿದಳು. ನೇಗಿಲು ಕತ್ತಿಗಳನ್ನೆಲ್ಲ ತೊಳೆಯುವಾಗ ಹಬ್ಬಕ್ಕೆ ಇದೊಂದು ಯಾಕೆ ಕೊಳಕಾಗಿರಬೇಕು ಎಂದು ಟ್ಯಾಂಕಿನ ಹಿತ್ತಾಳೆ ಮುಚ್ಚಳ ತೆಗೆದು, ಪೂಜೆ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಮಿಷಿನ್ನಿನ ತಲೆ ಮೇಲೆ ಎರಡು ಕೊಡ ನೀರು ಹೊಯ್ದಿದ್ದಳು. ಮಿಷಿನ್ನಿಗೆ ನಮ್ಮ ಅವ್ವ ಎಣ್ಣೆಸ್ನಾನ ಮಾಡಿಸದೆ ಬಿಟ್ಟದ್ದೇ ಪುಣ್ಯ. ಈಗ ನಗು ಬರುತ್ತದೆ. ಅಂದು ಯಾರೂ ನಗಲಿಲ್ಲ.

ಅಪ್ಪ ಗೇಟಿಗೆ ಅಡ್ಡ ನಿಲ್ಲಲು ಹೊರಟ. ಅಜ್ಜಿ ಅವನ ತೋಳು ಹಿಡಿದಳು. ಅವಳು ಚಿಕ್ಕಪ್ಪನ ಹತ್ತಿರವೂ ಹೋಗಲಿಲ್ಲ, ದೂರದಿಂದಲೇ ಹೇಳಿದಳು.

“ಬೆಳ್ಯಪ್ಪ, ಹೋಗುದಾದ್ರೆ ಹೋಗು, ನಾ ಹಿಡಿಯುದಿಲ್ಲೆ. ಆದ್ರೆ ಇದನ್ನ ಸರಿ ಮಾಡಿಟ್ಟು ಹೋಗು. ಈ ಗೂಡೆ ಸುಮ್ನಿರುದಿಲ್ಲೆ, ಬೆರಳು ಹಾಕ್ತದೆ.”

ಚಿಕ್ಕಪ್ಪ ನನ್ನನ್ನು ನೋಡಿದ. ಇನ್ನೊಂದು ಗುಂಡು ಹಾರಿತು, ಅವನ ಹೆಗಲು ಕುಗ್ಗಿತು. ಆಮೇಲೆ ಮಂಡಿಯೂರಿ ಕೂತ. ಮೊದಲು ಏನು ಎಂದು ಕೇಳಿದ. ವಯರು ತೆಗೆಯಬೇಕು ಅಂದೆ. ತೆಗೆ ಅಂದ. ತೆಗೆದೆ. ಅವನು ಪ್ಲಗ್ಗು ಬಿಚ್ಚಿದ, ಟ್ಯಾಂಕು ಬಿಚ್ಚಿ ನೀರು ಬೆರೆತ ಪೆಟ್ರೋಲನ್ನು ದೂರದ ಗುಂಡಿಗೆ ಚೆಲ್ಲಿದ, ಹಳೆಯ ಪಂಚೆಯ ತುಂಡಿನಿಂದ ಒಳಗೆಲ್ಲ ಒರೆಸಿದ. ಒಂದೊಂದು ಗುಂಡಿಗೂ ಸ್ಕ್ರೂ ಅವನ ಬೆರಳಿನಿಂದ ಜಾರಿ ಬೀಳುತ್ತಿತ್ತು. ನಾನು ಲಂಗದ ಮಡಿಲು ಚಾಚಿ ಎಲ್ಲವನ್ನೂ ಹಿಡಿದುಕೊಂಡು ಕೂತೆ. ಕಾಲು ಜೋಮು ಹಿಡಿಯಿತು, ಇರುವೆ ಕಚ್ಚಿತು, ಅಲುಗಾಡಲಿಲ್ಲ. ನಾನು ಎದ್ದರೆ ಅವನೂ ಎದ್ದುಬಿಡುತ್ತಾನೆ ಅನ್ನಿಸಿತ್ತು. ಬೇಗ ಒಣಗಲಿ ಎಂದು ಅವ್ವ ಟ್ಯಾಂಕನ್ನು ಒಲೆಯ ಹತ್ತಿರ ಒಯ್ಯಲು ಎತ್ತಿಕೊಂಡಳು. ಚಿಕ್ಕಪ್ಪ ಅವಳ ಕೈಯಿಂದ ಮೆಲ್ಲಗೆ ತೆಗೆದು ಬಿಸಿಲಿಗಿಟ್ಟ.

“ಮನೆ ಸುಡ್ತೀರ ಅತ್ತಿಗೆ,” ಅಂದ. ಅಂದು ಅವನ ಮುಖದಲ್ಲಿ ನಗುವಿನ ಹಾಗೆ ಏನೋ ಕಂಡದ್ದು ಆ ಮಾತು ಆಡುವಾಗ.

ಬಿಸಿಲಿನಲ್ಲಿ ಟ್ಯಾಂಕು ಒಣಗುವವರೆಗೆ ಕಾದೆವು. ಅಷ್ಟು ಉದ್ದದ ಹೊತ್ತನ್ನು ನಾನು ನನ್ನ ಆಯುಸ್ಸಿನಲ್ಲೇ ಕಂಡಿಲ್ಲ. ಗುಂಡು ಹಾರುತ್ತಲೇ ಇತ್ತು. ಪ್ರತಿ ಗುಂಡಿಗೂ ಚಿಕ್ಕಪ್ಪ ಒಂದು ಪ್ರಶ್ನೆ ಕೇಳುತ್ತಿದ್ದ. ಒದ್ದೆ ಹುಲ್ಲಿಗೆ ಇಳಿಸಬಹುದಾ, ಇಳಿಜಾರಿನಲ್ಲಿ ಹೇಗೆ ಹೋಗಬೇಕು, ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕಬಹುದಾ. ನಾನು ಕಿರುಚಿ ಉತ್ತರ ಹೇಳುತ್ತಿದ್ದೆ. ಅಪ್ಪ, ಅವ್ವ, ಅಜ್ಜಿ, ಮೂಗು ಮುರಿದಿದ್ದ ಅತ್ತೆ ಎಲ್ಲರೂ ಊಟ ಬಿಟ್ಟು ಬೇಲಿಯಾಚೆ ನಿಂತಿದ್ದರು. ಕೊನೆಗೆ ಹೊಸ ಪೆಟ್ರೋಲ್ ಬಿತ್ತು, ಪ್ಲಗ್ಗು ಕೂತಿತು, ವಯರು ಸೇರಿತು, ನನ್ನನ್ನು ಹಲಸಿನ ಮರದಾಚೆ ಕಳಿಸಿದ. ಹಗ್ಗ ಎಳೆದ. ಮಿಷಿನ್ನು ಕೂಗಿತು. ಅಜ್ಜಿ ಅಲ್ಲೇ ಹುಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಇಡೀ ಬಾಣೆ ಕತ್ತರಿಸಿದ. ಹುಲ್ಲು ಮುಗಿದ ಮೇಲೂ ಕತ್ತರಿಸಿದ ಕಡೆಯೇ ಮತ್ತೆ ಓಡಿಸಿದ, ಗುಡ್ಡಗಳು ಸುಮ್ಮನಾಗುವವರೆಗೆ. ಆಮೇಲೆ ಬೂಟು ಕಳಚಿ ಒಳಗೆ ಬಂದ.

ಅಂದಿನಿಂದ ಅಜ್ಜಿ ಇರುವವರೆಗೂ ಅವನು ಗೇಟು ದಾಟಿ ಹೋಗಲಿಲ್ಲ. ಕೊಡಗು ಮೈಸೂರಿಗೆ ಸೇರಿತು, ನಾನು ದೊಡ್ಡವಳಾದೆ, ಮದುವೆಯಾಗಿ ಬೇರೆ ಊರು ಸೇರಿದೆ, ಅವನು ಮನೆಯಲ್ಲೇ ಇದ್ದ. ಆ ಮಿಷಿನ್ನೇ ಅವನನ್ನು ಉಳಿಸಿತೆಂದು ನಾವೆಲ್ಲ ಹೇಳಿಕೊಂಡು ತಿರುಗಿದೆವು. ಒಂದು ನಾಟಿಯ ಸಮಯದಲ್ಲಿ ಅಜ್ಜಿ ತೀರಿಕೊಂಡಳು. ಅಪ್ಪ ಎಚ್ಚರದಿಂದಲೇ ಇದ್ದ. ದನ ಕಟ್ಟಿಸಿದ, ಬೇಲಿ ಭದ್ರ ಮಾಡಿಸಿದ, ಪೆಟ್ರೋಲ್ ತರಿಸಿಟ್ಟ. ಅಜ್ಜಿ ಮಾಡುತ್ತಿದ್ದುದರಲ್ಲಿ ಒಂದೂ ಬಿಡಲಿಲ್ಲ. ಹುಲ್ಲು ಮೊಣಕಾಲಿನವರೆಗೆ ಎದ್ದಿತ್ತು, ಕೈಲ್ ಮುಹೂರ್ತ ಇನ್ನೂ ದೂರವಿತ್ತು, ಎಲ್ಲೂ ಒಂದು ಗುಂಡಿನ ಸದ್ದಿಲ್ಲ. ಒಂದು ಬೆಳಿಗ್ಗೆ ಚಿಕ್ಕಪ್ಪ ಇರಲಿಲ್ಲ. ಸಿದ್ದಾಪುರ, ಕುಶಾಲನಗರ, ಹೊಳೆ ದಂಡೆ ಎಲ್ಲ ಹುಡುಕಿದೆವು. ಸಿಗಲಿಲ್ಲ.

ಈಗ ನನ್ನ ಮನೆಯ ಮುಂದೆಯೂ ಹುಲ್ಲಿದೆ. ತಿಂಗಳಿಗೊಮ್ಮೆ ಯಾರೋ ಬಂದು ಅರ್ಧ ಗಂಟೆಯಲ್ಲಿ ಕತ್ತರಿಸಿ ಹೋಗುತ್ತಾರೆ, ಅವರ ಹೆಸರು ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರಾದರೂ ಊಟ ಬಿಟ್ಟರೆ ಡಾಕ್ಟರಿಗೆ ತೋರಿಸುತ್ತೇವೆ, ಮಾತ್ರೆ ಕೊಡುತ್ತೇವೆ, ಬುದ್ಧಿ ಹೇಳುತ್ತೇವೆ. ಅದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಒಬ್ಬನು ಮನೆಯಲ್ಲಿ ಉಳಿಯಲಿ ಎಂದು ದನ ಕಟ್ಟಿಹಾಕಿ ಹುಲ್ಲು ಬೆಳೆಸುವ ಹೆಂಗಸು ಆ ಮನೆತನದಲ್ಲಿ ಅಜ್ಜಿಯೊಬ್ಬಳೇ ಇದ್ದಳು. ಅವಳ ಬಣ್ಣ, ಮೂಗು, ಹಟ ಎಲ್ಲ ನನಗೆ ಬಂದಿದೆ ಅನ್ನುತ್ತಾರೆ. ಅದೊಂದು ಬರಲಿಲ್ಲ.