ಮೌಶಿಯ ಪುದೀನಾ ಪಾನಕ

ಮೊನ್ನೆ ಮನೆಯೆಲ್ಲ ಸುಟ್ಟ ಮಾವಿನಕಾಯಿಯ ವಾಸನೆ ಹಿಡಿದಿತ್ತು. ಕಾಯಿಗಳನ್ನು ಗ್ಯಾಸಿನ ಉರಿಯ ಮೇಲೆ ನೇರವಾಗಿ ಇಟ್ಟು, ಸಿಪ್ಪೆ ಕಪ್ಪಾಗಿ ಬಿರಿಯುವವರೆಗೆ ತಿರುಗಿಸುತ್ತಾ ನಿಂತಿದ್ದೆ. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಇಂಥ ವಾಸನೆ ಎದ್ದರೆ ಏನೋ ಸೀದಿದೆ ಎಂದು ಪಕ್ಕದ ಮನೆಯವರು ಬೆಲ್ ಒತ್ತುತ್ತಾರೆ. ನಾನು ಬೆಳೆದ ಕುರ್ಲಾದ ಚಾಳಿನಲ್ಲಿ, ಆ ಒಂದೊಂದೇ ಖೋಲಿಯ ಮನೆಗಳ ವಠಾರದಲ್ಲಿ, ಇದೇ ವಾಸನೆಗೆ ನಾವು ಮಕ್ಕಳೆಲ್ಲ ಲೋಟ ಹಿಡಿದುಕೊಂಡು ಮೌಶಿಯ ಬಾಗಿಲಿಗೆ ಓಡುತ್ತಿದ್ದೆವು...

ಕಾಯಿ ಸುಡುವುದಕ್ಕೆ ಕಾರಣ ಹಿಂದಿನ ದಿನ ಬಂದ ಒಂದು ಫೋನು. ಮಾಡಿದವರು ನಮ್ಮ ಸೊಸೈಟಿಯ ಸೆಕ್ರೆಟರಿಯ ಹೆಂಡತಿ, ಬೆಳಗಾವಿ ಕಡೆಯವರು. ಅವರ ಮನೆಯಲ್ಲಿ ಚೈತ್ರಗೌರಿಯ ಅರಿಶಿನ-ಕುಂಕುಮ ಇತ್ತು. ಕೋಸಂಬರಿ ತಾವೇ ಮಾಡುತ್ತೇವೆ, ಆದರೆ ಪುದೀನಾ ಹಾಕಿದ ಆ ಮಾವಿನಕಾಯಿ ಮಾಕ್‌ಟೇಲ್ ಮಾತ್ರ ನಿಮ್ಮ ಕೈಯಿಂದಲೇ ಆಗಬೇಕು ಎಂದರು. ಸಂಜೆ ಯಾರನ್ನಾದರೂ ಕಳಿಸಿ ತರಿಸಿಕೊಳ್ಳುತ್ತೇನೆ ಎಂದರು. ನೀವೂ ಬನ್ನಿ ಎಂದು ಮಾತ್ರ ಬಾಯಿತಪ್ಪಿಯೂ ಅನ್ನಲಿಲ್ಲ. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಹೋದ ವರ್ಷ ಕರೆಯದಿದ್ದಾಗ, ವರ್ಷ ತುಂಬಿಲ್ಲವಲ್ಲ, ಅದಕ್ಕಿರಬಹುದು ಎಂದು ನಾನೇ ಅವರ ಪರ ವಾದ ಮಾಡಿಕೊಂಡಿದ್ದೆ. ಈ ವರ್ಷ ಆ ವಾದವೂ ಉಳಿಯಲಿಲ್ಲ. ಅದಕ್ಕೂ ಮೊದಲು ಇದೇ ಹೆಂಗಸು ಪ್ರತಿ ಚೈತ್ರದಲ್ಲೂ ನನ್ನ ಬಾಗಿಲಲ್ಲಿ ನಿಂತು, ಹಣೆಗೆ ಕುಂಕುಮ ಹಚ್ಚಿ, ತಪ್ಪಿಸಬಾರದು ಎಂದು ಆಣೆ ಹಾಕಿ ಹೋಗುತ್ತಿದ್ದರು.

ಮಾಕ್‌ಟೇಲ್ ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಫೋರ್ಟಿನ ಆಫೀಸಿನಲ್ಲಿದ್ದಾಗ ಪಾರ್ಟಿಗಳಲ್ಲಿ ಅದನ್ನು ಬೇಕಾದಷ್ಟು ಕುಡಿದಿದ್ದೇನೆ. ಹಾಗೆಂದರೆ ಏನು? ಮದ್ಯ ಇಲ್ಲದ್ದು. ಇಲ್ಲದ್ದನ್ನು ಹಿಡಿದು ಹೆಸರಿಡುವುದು ಯಾವ ಬುದ್ಧಿ? ಪಾನಕದಲ್ಲಿ ಹುಳಿಯಿದೆ, ಸಿಹಿಯಿದೆ, ಘಮವಿದೆ, ಏನು ಕಡಿಮೆಯಾಗಿದೆ ಅದಕ್ಕೆ? ಹೆಂಗಸರಿಗೂ ಹೀಗೆಯೇ ಹೆಸರಿಡುತ್ತಾರೆ, ಗಂಡ ಇಲ್ಲದಾಕೆ ಎಂದು. ಚಾಳಿನಲ್ಲಿ ಮೌಶಿಗೆ ಬೆನ್ನ ಹಿಂದೆ ಇದ್ದದ್ದು ಅದೇ ಹೆಸರು.

ಮೌಶಿ ನಮಗೆ ರಕ್ತಸಂಬಂಧಿಯಲ್ಲ, ಎದುರಿನ ಖೋಲಿಯವರು. ನಮ್ಮಂತೆ ಧಾರವಾಡದ ಕಡೆಯವರಾದ್ದರಿಂದ ಅಮ್ಮ ಅವರನ್ನು ಅಕ್ಕಾ ಎನ್ನುತ್ತಿದ್ದಳು, ಹಾಗಾಗಿ ನಮಗೆ ಮೌಶಿ. ಗಂಡ ಮಿಲ್ಲಿನಲ್ಲಿದ್ದರಂತೆ, ಮದುವೆಯಾದ ಸ್ವಲ್ಪ ಕಾಲಕ್ಕೇ ಜ್ವರದಲ್ಲಿ ಹೋದರಂತೆ. ಮೌಶಿ ಊರಿಗೆ ಮರಳಲಿಲ್ಲ, ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾ ಚಾಳಿನಲ್ಲೇ ಉಳಿದರು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಅಳತೆ ಕೊಡಲು ಬಂದವರಿಗೆ, ಹೋದ ಸಲದ್ದೇ ಅಳತೆ ಹಾಕಿದರೆ ನಿಮ್ಮ ಗಂಡ ನನ್ನ ಮೇಲೆ ಕೇಸು ಹಾಕುತ್ತಾನೆ ಎಂದು ಮುಖದ ಮೇಲೆಯೇ ಹೇಳುವವರು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಅವರ ಪಾನಕದ ರೀತಿಯೇ ಬೇರೆ. ಉಳಿದವರು ಕಾಯಿ ಬೇಯಿಸಿದರೆ ಮೌಶಿ ಸುಡುತ್ತಿದ್ದರು. ತಿರುಳನ್ನು ಕೈಯಲ್ಲೇ ಹಿಸುಕಿ, ಬೆಲ್ಲ ಕರಗಿಸಿ, ಹುರಿದ ಜೀರಿಗೆ, ಏಲಕ್ಕಿ, ಚಿಟಿಕೆ ಉಪ್ಪು ಹಾಕುತ್ತಿದ್ದರು. ನೀರು ಮಣ್ಣಿನ ಮಡಕೆಯದು, ಅದರಲ್ಲಿ ರಾತ್ರಿಯೇ ಲಾವಂಚದ ಬೇರು ನೆನೆಹಾಕಿರುತ್ತಿದ್ದರು. ಪುದೀನಾ ಬೆಳೆದದ್ದು ಗ್ಯಾಲರಿಯ ಕಂಬಿಗೆ ಕಟ್ಟಿದ ಎಣ್ಣೆ ಡಬ್ಬಿಯಲ್ಲಿ. ಅದನ್ನು ರುಬ್ಬಬಾರದು, ಕಹಿಯಾಗುತ್ತದೆ, ಎರಡು ಅಂಗೈ ನಡುವೆ ತಿಕ್ಕಿ ಹಾಕಬೇಕು ಎನ್ನುತ್ತಿದ್ದರು. ಪುದೀನಾ ಚಟ್ನಿಗೆ ಹಾಕುವುದು, ಗೌರಿಯ ಪಾನಕಕ್ಕೆ ಯಾರು ಹಾಕುತ್ತಾರೆ ಎಂದು ಮೂಗು ಮುರಿದವರೇ ಮತ್ತೆ ಮತ್ತೆ ಲೋಟ ಒಡ್ಡುತ್ತಿದ್ದರು.

ನಮ್ಮ ಮಾಳಿಗೆಯ ದೊಡ್ಡ ಅರಿಶಿನ-ಕುಂಕುಮ ಮೂಲೆಯ ಖೋಲಿಯಲ್ಲಿ, ನಾವೆಲ್ಲ ಕಾಕು ಎನ್ನುತ್ತಿದ್ದ ಹಿರಿಯ ಹೆಂಗಸಿನ ಮನೆಯಲ್ಲಿ. ಪ್ರತಿ ವರ್ಷ ಪಾನಕ ಮೌಶಿಯದೇ. ಸಂಜೆ ಕಾಕು ಮನೆಯಿಂದ ಯಾರೋ ಬಂದು ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದರು, ಮರುದಿನ ಖಾಲಿ ಪಾತ್ರೆ ತೊಳೆದು ತಂದಿಡುತ್ತಿದ್ದರು. ಮೌಶಿಯನ್ನು ಕರೆಯುತ್ತಿರಲಿಲ್ಲ. ಕರೆದರೆ ಆಕೆಯ ಮನಸ್ಸಿಗೇ ತ್ರಾಸ ಆಗುತ್ತದೆ, ಅದಕ್ಕೇ ಕರೆಯುವುದಿಲ್ಲ ಎಂಬುದು ಕಾಕು ಕೊಡುತ್ತಿದ್ದ ಕಾರಣ. ಅಬ್ಬಾ, ಎಂಥ ಕರುಣೆ! ಆ ಹೆಂಗಸರು ಅಂದು ತೊಟ್ಟಿರುತ್ತಿದ್ದ ಬ್ಲೌಸುಗಳೂ ಮೌಶಿ ಹೊಲಿದವೇ. ಅವಕ್ಕೆ ಯಾವ ದೋಷವೂ ತಟ್ಟುತ್ತಿರಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದ ವರ್ಷ ಕಾಕು ಮನೆಗೆ ಹೊಸ ಸೊಸೆ ಬಂದಳು. ನಮ್ಮವರ ಹುಡುಗಿಯೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ, ತವರಿನಲ್ಲೂ ಹಿಂದಿಯೇ. ಕನ್ನಡದಲ್ಲಿ 'ಬೇಕು' ಯಾವುದು, 'ಬ್ಯಾಡ' ಯಾವುದು ಎಂಬುದೇ ಅವಳಿಗೆ ಗೊಂದಲ. ಉಪ್ಪು ಬ್ಯಾಡ ಎಂದರೆ ಇನ್ನೊಂದು ಚಮಚ ಹಾಕುವಳು. ಆ ಚೈತ್ರದಲ್ಲಿ ಮನೆ ಮನೆಗೆ ಹೋಗಿ ಕರೆಯುವ ಕೆಲಸ ಅವಳಿಗೆ ಬಿತ್ತು. ಮೌಶಿಯನ್ನು ಕರೆಯುವುದು ಬ್ಯಾಡ ಎಂದು ಕಾಕು ಒತ್ತಿ ಒತ್ತಿ ಹೇಳಿದ್ದರಂತೆ. ಅಷ್ಟು ಒತ್ತಿ ಹೇಳುತ್ತಿದ್ದಾರೆಂದರೆ ಕರೆಯಲೇಬೇಕು ಎಂದು ಹುಡುಗಿ ತಿಳಿದಳು. ಎಲ್ಲರಿಗಿಂತ ಮೊದಲು ಮೌಶಿಯ ಬಾಗಿಲಿಗೇ ಬಂದಳು, ಅವರು ಬೇಡವೆನ್ನುವಷ್ಟರಲ್ಲಿ ಹಣೆಗೆ ಕುಂಕುಮ ಇಟ್ಟು, ಕಾಲು ಮುಟ್ಟಿ ನಮಸ್ಕರಿಸಿ, "ಆನಾ ಹೈ, ಪಕ್ಕಾ ಬರ್ರೀ" ಎಂದು ಹೋದಳು.

ನಾನು ನಮ್ಮ ಬಾಗಿಲಲ್ಲೇ ನಿಂತು ನೋಡಿದೆ. ಮೌಶಿ ಬಹಳ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದರು. ಹೋಗಬೇಕೋ ಬೇಡವೋ ಎಂದು ಅಮ್ಮನನ್ನು ಕೇಳಲೂ ಇಲ್ಲ. ಪಾತ್ರೆ ಭಾರವಿತ್ತು, ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವರು. ಗ್ಯಾಲರಿಯುದ್ದಕ್ಕೂ ನಗುತ್ತಲೇ ಬಂದರು. ಅಷ್ಟು ಚೆಂದ ಕಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ...

ನಾವು ಒಳಗೆ ಕಾಲಿಟ್ಟದ್ದೇ ತಡ, ಗೌರಿಯ ತೊಟ್ಟಿಲು ತೂಗುತ್ತಿದ್ದ ಕೈ ನಿಂತಿತು. ಕಾಕು ಎದ್ದು ಬಂದರು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಹಾಲು ಕುಡಿದ ಮಗುವಿನ ಬಾಯಿ ಒರೆಸುವ ಹಾಗೆ, ಮೌಶಿಯ ಹಣೆ ಒರೆಸಿದರು. ನಗುನಗುತ್ತಲೇ ಒರೆಸಿದರು.

"ಹುಡಿಗಿಗೆ ತಿಳಿಯಂಗಿಲ್ರೀ ಅಕ್ಕಾ, ತಪ್ಪ ತಿಳ್ಕೋಬ್ಯಾಡ್ರಿ."

ಇದೇನು ಮಾಡುತ್ತಿದ್ದೀರಿ ಎಂದು ನಾನು ಕೂಗಿಯೇ ಬಿಟ್ಟೆ. ಅಲ್ಲೇ ಕೂತಿದ್ದ ಅಮ್ಮ ನನ್ನ ತೋಳು ಹಿಡಿದು ಎಳೆದಳು. ಮೌಶಿ ಮಾತ್ರ ಅಲುಗಲಿಲ್ಲ. ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟು, ಕೂತವರನ್ನೆಲ್ಲ ಒಮ್ಮೆ ನೋಡಿದರು.

"ಪಾನಕ ಕುಡೀರಿ. ಅದಕ್ಕ ಗಂಡ ಇರಬೇಕಂತೇನಿಲ್ಲ."

ಅಷ್ಟು ಹೇಳಿ ಹೊರಟುಹೋದರು. ಆಮೇಲೂ ಆ ಹೆಂಗಸರು ಕುಡಿದರು! ಇಂದಿಗೂ ನನ್ನ ಹೊಟ್ಟೆ ಉರಿಸುವುದು ಅದೇ. ಒಬ್ಬಳಾದರೂ ಎದ್ದು ಹೋಗಬಹುದಿತ್ತು, ಲೋಟ ಪಕ್ಕಕ್ಕಿಡಬಹುದಿತ್ತು. ಪಾತ್ರೆಯ ತಳ ಕೆರೆದು ಕುಡಿದರು, ಈ ಸಲ ಪುದೀನಾ ಚೆನ್ನಾಗಿ ಬಿದ್ದಿದೆ ಎಂದೂ ಅಂದರು. ಆ ಹೊಸ ಸೊಸೆಯೊಬ್ಬಳೇ ಒಳಗೆ ಹೋಗಿ ಅಳುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲವೆಂದು ಆಮೇಲೆ ಎಷ್ಟೋ ದಿನ ನಕ್ಕರು. ನನ್ನನ್ನು ಕೇಳಿದರೆ ಆ ಖೋಲಿಯಲ್ಲಿ ಕನ್ನಡ ಸರಿಯಾಗಿ ತಿಳಿದವಳು ಅವಳೊಬ್ಬಳೇ.

ಮುಂದಿನ ಚೈತ್ರಕ್ಕೆ ಕಾಕು ಏನೂ ಆಗಿಯೇ ಇಲ್ಲವೆಂಬಂತೆ ಚೀಲದ ತುಂಬ ಮಾವಿನಕಾಯಿ ಹಿಡಿದು ಮೌಶಿಯ ಬಾಗಿಲಿಗೆ ಬಂದರು. ಮೌಶಿ ಯಂತ್ರದಿಂದ ಕಾಲು ತೆಗೆಯಲಿಲ್ಲ.

"ಮುತ್ತೈದಿ ಕೈಲೆ ಮಾಡಸ್ರಿ. ಛಲೋ ಆಗ್ತದ."

ಆ ವರ್ಷ ಕಾಕು ಮನೆಯಲ್ಲೇ ಪಾನಕವಾಯಿತು. ಪುದೀನಾ ಮಿಕ್ಸರಿಗೆ ಹಾಕಿದ್ದರು, ಕಹಿ ಕಷಾಯ. ಚಾಳಿನಲ್ಲಿ ಎಲ್ಲರೂ ಬೈದದ್ದು ಮೌಶಿಯನ್ನು, ಒಂಟಿ ಹೆಂಗಸಿಗೆ ಇಷ್ಟು ಸೊಕ್ಕು ಯಾಕೆ ಎಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೌಶಿ ಆಮೇಲೂ ಕಾಯಿ ಸುಟ್ಟರು, ಪಾನಕ ಮಾಡಿದರು. ಅದು ನಮ್ಮ ಮನೆಗೆ, ಮಕ್ಕಳಿಗೆ, ಬಿಸಿಲಲ್ಲಿ ಬಂದ ಪೋಸ್ಟಿನವನಿಗೆ. ನನಗೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಆ ಹಸಿರು ಸೀರೆ ಮತ್ತೆ ಹೊರಗೆ ಬರಲಿಲ್ಲ.

ಚಾಳು ಒಡೆದು ಟವರ್ ಕಟ್ಟುವಾಗ ಅವರು ತಮ್ಮನ ಮನೆಗೆ ಹೋದರು. ಮೊದಮೊದಲು ಫೋನು ಇತ್ತು, ಆಮೇಲೆ... ತೀರಿಕೊಂಡರೆಂಬ ಸುದ್ದಿ ನಮಗೆ ತಲುಪುವಾಗ ಎಲ್ಲ ಕಾರ್ಯ ಮುಗಿದಿತ್ತು. ಕೊನೆಯಲ್ಲೊಮ್ಮೆ ಮುಖ ನೋಡಲೂ ಆಗಲಿಲ್ಲ.

ಮೊನ್ನೆ ಸಂಜೆ ಪಾನಕ ಒಯ್ಯಲು ಸೆಕ್ರೆಟರಿ ಮನೆಯ ಕೆಲಸದ ಬಾಯಿ ಬಂದಳು. ಮುತ್ತೈದೆಯ ಕೈಯಲ್ಲಿ ಮಾಡಿಸಿ ಎಂಬ ಮೌಶಿಯ ಮಾತನ್ನೇ ಹೇಳಿ ಬರಿಗೈಯಲ್ಲಿ ಕಳಿಸಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತಿನಿಂದ ಚಾಳಿನ ಹೆಂಗಸರೆಲ್ಲ ಕೋಸಂಬರಿ ತಿಂದು ಆರಾಮವಾಗಿ ಇದ್ದರು, ಖೋಲಿಯಲ್ಲಿ ಒಂಟಿಯಾಗಿ ಉಳಿದವರು ಮೌಶಿ. ಕೆಲಸದವಳಿಗೆ ಒಂದು ಲೋಟ ಕುಡಿಸಿ, ನಾನೇ ತರುತ್ತೇನೆ ಎಂದು ಕಳಿಸಿದೆ. ಸೀರೆ ಉಟ್ಟು, ಪಾತ್ರೆ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿದೆ.

ಬಾಗಿಲು ತೆರೆದ ಸೆಕ್ರೆಟರಿಯ ಹೆಂಡತಿಯ ಮುಖ ಬಿಳುಚಿಕೊಂಡಿತು. ಒಳಗೆ ಹತ್ತಾರು ಜನ ಸೋಫಾದ ಮೇಲೆ, ಕುರ್ಚಿಗಳ ಮೇಲೆ ಕೂತಿದ್ದರು. ಆಕೆ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡರು, ಬಾಗಿಲಿನಿಂದ ಮಾತ್ರ ಸರಿಯಲಿಲ್ಲ.

"ಅಯ್ಯ, ನೀವ್ಯಾಕ ತ್ರಾಸ ತಗೊಂಡ್ರಿ? ಬಾಯೀನ ಕಳಿಸಿದ್ನೆಲ್ಲಾ."

"ಪಾನಕ ಕೊಡ್ಲಿಕ್ಕೆ ಬಂದಿಲ್ರಿ. ಕೂಡ್ಲಿಕ್ಕೆ ಬಂದೀನಿ."

ಅವರು ಸರಿದರು. ನಾನು ಒಳಗೆ ಹೋಗಿ, ಗೌರಿಯ ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕೂತೆ. ಎಲ್ಲರೂ ನನ್ನನ್ನೇ ನೋಡಿದರು, ನಾನು ಏಳಲಿಲ್ಲ. ಮೌಶಿ ಹೀಗೆ ಕೂತದ್ದನ್ನು ನಾನು ಒಂದು ಸಲವೂ ನೋಡಲಿಲ್ಲ.